ರಾಹೇಲಾಯಿ ಮರೆತ ಪೆಂಡಿ

ತೊಳೆದಿಟ್ಟ ಅವಲಕ್ಕಿಯ ಮೇಲೆ ಪುಡಿಬೆಲ್ಲ, ಆಗಷ್ಟೇ ಹೆರೆದ ತೆಂಗಿನಕಾಯಿ, ಕುಟ್ಟಿದ ಯಾಲಕ್ಕಿ ಬಿದ್ದು, ಒಂದರ ರಸ ಇನ್ನೊಂದಕ್ಕೆ ಇಳಿಯುವ ಐದು ನಿಮಿಷದಲ್ಲಿ ಒಂದು ವಾಸನೆ ಏಳುತ್ತದೆ. ಸದಾಶಿವನಗರದ ನನ್ನ ಬಾಡಿಗೆ ಮನೆಯ ಇಷ್ಟಗಲದ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗಲೆಲ್ಲ ನಾನು ಮೊದಲು ಹನ್ನೊಂದು ವರ್ಷದವಳಾಗುತ್ತೇನೆ, ಆಮೇಲೆ ಜಗಳಕ್ಕೆ ನಿಲ್ಲುತ್ತೇನೆ. ಯಾಕೆಂದರೆ ಈ ವಾಸನೆಗೆ ಅಂಟಿಕೊಂಡಿರುವ ಕಥೆಯನ್ನು ಖಾನಾಪುರದಲ್ಲಿ ನಮ್ಮ ಅಜ್ಜಿಯ ಓಣಿಯವರು ತಪ್ಪಾಗಿ ಹೇಳಿಕೊಂಡು ಬಂದಿದ್ದಾರೆ. ಆ ಸುಗ್ಗಿಯಲ್ಲಿ ಅಜ್ಜಿಯ ಪಕ್ಕದ ಮನೆಯ ರಾಹೇಲಾಯಿಗೆ ಮುಪ್ಪಿನ ಮರೆವು ಹತ್ತಿತು, ಪಾಪ, ಎನ್ನುವುದು ಓಣಿಯ ಒಂದು ಬದಿಯವರ ಮಾತು. ಆಕೆಯ ಧರ್ಮದ ಪ್ರವಾದಿ ಎಲಿಯಾಹು ಸ್ವತಃ ಬಂದು ಆಕೆಯ ಕಣ್ಣ ಮುಂದೆ ಕೈಯಾಡಿಸಿ ಹೋದ ಎನ್ನುವುದು ಇನ್ನೊಂದು ಬದಿಯವರದು. ಎರಡನ್ನೂ ನಾನು ಒಪ್ಪುವುದಿಲ್ಲ. ಆ ಸುಗ್ಗಿಯ ನಂತರ ಆಕೆ ಆರು ವರ್ಷ ಬದುಕಿದ್ದಳು. ಒಮ್ಮೆ ಮಾತ್ರ ನೋಡಿದ್ದ ನನ್ನ ಹತ್ತನೇ ತರಗತಿಯ ಹಾಲ್ ಟಿಕೆಟ್ ನಂಬರನ್ನು ಫಲಿತಾಂಶದ ದಿನ ಬಾಯಿಪಾಠವಾಗಿ ಒಪ್ಪಿಸಿದವಳಿಗೆ ಮರೆವು ಹತ್ತಿತ್ತು ಎನ್ನುವುದು ಯಾವ ನ್ಯಾಯ? ಇನ್ನು ಪ್ರವಾದಿಯ ಮಾತು. ನಾನು ದೇವರನ್ನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮಧ್ಯಾಹ್ನ ಆ ಗದ್ದೆಯಲ್ಲಿ ನಾನಿದ್ದೆ. ಅಲ್ಲಿ ಕೈಯಾಡಿಸಿದವರು ಯಾರಾದರೂ ಇದ್ದರೆ ಅದು ನಾನೇ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ನಮ್ಮ ಮನೆ ಬೆಳಗಾವಿಯ ಖಾಸಬಾಗದಲ್ಲಿತ್ತು. ದೀಪಾವಳಿ ರಜೆ ಬಿಟ್ಟ ಮರುದಿನವೇ ಅವ್ವ ನನ್ನನ್ನು ಖಾನಾಪುರದ ಬಸ್ಸಿನಲ್ಲಿ ಕೂರಿಸಿಬಿಡುತ್ತಿದ್ದಳು. ಪೀರನವಾಡಿ ದಾಟಿದ ಮೇಲೆ ಕಿಟಕಿಯ ಗಾಳಿ ತಣ್ಣಗಾಗಿ, ಕೊಯ್ದ ಭತ್ತದ ಹಸಿ ಹುಲ್ಲಿನ ವಾಸನೆ ಬರತೊಡಗಿದರೆ ಅಜ್ಜಿಯ ಊರು ಹತ್ತಿರ ಬಂತೆಂದು ಲೆಕ್ಕ. ಅಜ್ಜಿಯ ಮನೆಗೂ ರಾಹೇಲಾಯಿಯ ಮನೆಗೂ ನಡುವೆ ಇದ್ದದ್ದು ಒಂದು ಮೊಣಕಾಲೆತ್ತರದ ಮಣ್ಣಿನ ಗೋಡೆ. ಅದರ ಮೇಲೆ ಎರಡೂ ಮನೆಯ ಕೋಳಿಗಳು ಕೂರುತ್ತಿದ್ದವು, ನಾನೂ ಕೂರುತ್ತಿದ್ದೆ. ಆಯಿ ಮತ್ತು ಆಕೆಯ ಗಂಡ ದಾನಿಯಲ್ ಮಾಸ್ತರ ಯಹೂದಿಗಳು. ಕೇಳಿದವರಿಗೆ ಇದು ಆಶ್ಚರ್ಯ. ಓಣಿಯಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಅವರ ಹಿರಿಯರು ಯಾವುದೋ ಕಾಲದಲ್ಲಿ ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದವರಂತೆ. ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತಿದ್ದರಂತೆ, ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲವಂತೆ. ಆ ಶನಿವಾರ ಖಾನಾಪುರದವರೆಗೂ ಬಂದಿತ್ತು. ಶುಕ್ರವಾರ ಸಂಜೆ ಗಾಜಿನ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆಯ ದೀಪ ಹೊತ್ತಿದರೆ ಮರುದಿನ ಸಂಜೆಯವರೆಗೆ ಆ ಮನೆಯ ಒಲೆ, ಕುಡಗೋಲು, ಕಸಬರಿಗೆ ಎಲ್ಲಕ್ಕೂ ರಜೆ. ನಮ್ಮ ಅಜ್ಜಿ ಇದನ್ನು ನೋಡಿ, ನಮ್ಮ ದೇವರಿಗೆ ಈ ಬುದ್ಧಿ ಯಾಕೆ ಬರಲಿಲ್ಲವೋ ಎಂದು ವಾರಕ್ಕೊಮ್ಮೆ ನಿಟ್ಟುಸಿರಿಡುತ್ತಿದ್ದಳು. ಬಾಗಿಲ ಚೌಕಟ್ಟಿನ ಬಲಗಡೆಗೆ ಓರೆಯಾಗಿ ಹೊಡೆದ ಬೆರಳುದ್ದದ ಹಿತ್ತಾಳೆಯ ಗೂಡಿತ್ತು. ಅದರೊಳಗೆ ಅವರ ಶಾಸ್ತ್ರದ ನಾಲ್ಕು ಸಾಲು ಬರೆದ ಸುರುಳಿ. ಒಳಗೆ ಹೋಗುವಾಗ ಹೊರಗೆ ಬರುವಾಗ ಆಯಿ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದಳು. ಸೀರೆ ಮಾತ್ರ ಒಂಬತ್ತು ಗಜದ ನೌವಾರಿ, ಮನೆಯ ಮಾತು ಮರಾಠಿ, ನಮ್ಮೊಂದಿಗೆ ಕನ್ನಡ, ಬೈಗುಳ ಎರಡರಲ್ಲೂ.

ಆಯಿಯ ನೆನಪಿನ ಶಕ್ತಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮಕ್ಕಳನ್ನು ಶಾಲೆಗೆ ಹಾಕುವಾಗ ಹುಟ್ಟಿದ ದಿನ ಗೊತ್ತಿಲ್ಲದ ತಾಯಂದಿರು ನೇರ ಆಕೆಯ ಕಟ್ಟೆಗೆ ಬರುತ್ತಿದ್ದರು. ಆಯಿ ಕಣ್ಣು ಮುಚ್ಚಿ, ಅವತ್ತು ನದಿಗೆ ಹೊಸ ನೀರು ಬಂದಿತ್ತು, ನಮ್ಮ ಕೆಂಪು ಆಕಳು ಈದು ಮೂರನೆಯ ದಿನ, ಮಂಗಳವಾರ, ಎಂದು ಶುರುಮಾಡಿ ತಾರೀಖಿಗೆ ಬಂದು ಮುಟ್ಟುತ್ತಿದ್ದಳು. ಯಾರ ಮದುವೆಯಲ್ಲಿ ಯಾರು ಯಾವ ಪಂಕ್ತಿಯಲ್ಲಿ ಕೂತು ಯಾಕೆ ಸಿಟ್ಟಾಗಿ ಎದ್ದರು ಎನ್ನುವುದೂ ಆಕೆಗೆ ಗೊತ್ತಿತ್ತು. ಹೀಗಾಗಿ ಆಕೆಯ ಕಟ್ಟೆಗೆ ಬರುವವರು ಸ್ವಲ್ಪ ಹೆದರಿಕೊಂಡೇ ಬರುತ್ತಿದ್ದರು. ಊರಾಚೆ ಅವರಿಗಿದ್ದ ಮೂವತ್ತು ಗುಂಟೆ ಗದ್ದೆಯಲ್ಲಿ ಕೂಲಿಯವರು ಭತ್ತ ಕೊಯ್ಯುತ್ತಿದ್ದರು, ಹೊರುತ್ತಿದ್ದರು. ಆದರೆ ಒಣಗಿದ ಭತ್ತವನ್ನು ಪೆಂಡಿ ಕಟ್ಟುವ ಕೆಲಸವನ್ನು ಆಯಿ ಯಾರಿಗೂ ಬಿಡುತ್ತಿರಲಿಲ್ಲ. ಹುಲ್ಲಿನದೇ ಹುರಿ ಮಾಡಿ, ಮೊಣಕಾಲಿನಿಂದ ಒತ್ತಿ, ಒಂದೇ ಅಳತೆಯ ಕಟ್ಟು. ಸಂಜೆ ಕಣದಲ್ಲಿ ನಿಂತು, ಕೆಳಗಿನ ಗದ್ದೆಯಿಂದ ಇಷ್ಟು, ನಡುವಿನದರಿಂದ ಇಷ್ಟು, ಮೇಲಿನದರಿಂದ ಇಷ್ಟು ಎಂದು ಹೇಳಿದರೆ, ಮಾಸ್ತರ ಎಣಿಸಿ ನೋಡಿದಾಗ ಒಂದೂ ಹೆಚ್ಚುಕಡಿಮೆ ಬರುತ್ತಿರಲಿಲ್ಲ. ಬೇರೆ ಯಾರಿಗಾದರೂ ಇದು ಹೆಮ್ಮೆಯ ಸಂಗತಿ. ರಾಹೇಲಾಯಿಗೆ ಇದೇ ಒಂದು ಕೊರಗು.

ಆ ಕೊರಗು ನನಗೆ ಗೊತ್ತಾದದ್ದು ಮಾಸ್ತರರೊಂದಿಗೆ ಜಗಳವಾಡುತ್ತಿದ್ದಾಗ. ನಾನು ಆ ವರ್ಷ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಮೊದಲು ಬಂದು, ಸ್ಟೀಲಿನ ತಾಟೊಂದನ್ನು ಗೆದ್ದು, ಎದುರು ಸಿಕ್ಕವರನ್ನೆಲ್ಲ ಎದುರಾಳಿ ಎಂದು ತಿಳಿದಿದ್ದೆ. ಮಾಸ್ತರ ಮೂವತ್ತೈದು ವರ್ಷ ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎದುರು ಮಾತಾಡುವ ಮಕ್ಕಳಿಲ್ಲದೆ ಅವರ ಬಾಯಿಯೂ ತುಕ್ಕು ಹಿಡಿದಿತ್ತು. ಸಂಜೆ ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಅವರು ತಮ್ಮ ಶಾಸ್ತ್ರದ ಕಥೆ ಹೇಳುವರು, ನಾನು ತೂತು ಹುಡುಕುವೆ. ಮೋಶೆಯ ಕಥೆ ಕೇಳಿ ನನಗೆ ಸಿಟ್ಟೇ ಬಂದಿತ್ತು. ರಾಜನ ಎದುರು ನಿಂತು ವಾದ ಮಾಡಿ ಒಂದು ಜನಾಂಗವನ್ನೇ ಬಿಡಿಸಿಕೊಂಡು ಬರಬೇಕಾದ ಕೆಲಸಕ್ಕೆ ದೇವರು ಆರಿಸಿದ್ದು ನಾಲಿಗೆ ತೊಡರುವವನನ್ನು! ನನ್ನಂಥವರು ಆಗ ಹುಟ್ಟಿರಲಿಲ್ಲವೇ ಎಂದೆ. "ಹುಟ್ಟಿದ್ರು ತಂಗಿ," ಎಂದರು ಮಾಸ್ತರ. "ಆದ್ರ ಅವರು ಗೆದ್ದು ಬಂದಿದ್ರ, ಗೆದ್ದಾಂವ ನಾನು ಅಂತಿದ್ರು." ಇನ್ನೊಂದು ಕಥೆಯಲ್ಲಿ ಯುದ್ಧಕ್ಕೆ ಬಂದ ಸಾವಿರಾರು ಜನರನ್ನು ದೇವರು ಮನೆಗೆ ಕಳಿಸಿ ಕೇವಲ ಮುನ್ನೂರು ಜನರನ್ನು ಉಳಿಸಿಕೊಂಡನಂತೆ, ಅದೇ ಕಾರಣಕ್ಕೆ. ಹೊಟ್ಟೆ ತುಂಬ ಉಂಡು, ಗಟ್ಟಿ ಮನೆ ಕಟ್ಟಿ, ದನಕರು ಹೆಚ್ಚಿದಾಗ ಇದೆಲ್ಲ ನನ್ನ ರಟ್ಟೆಯ ಬಲದಿಂದ ಬಂತು ಎಂದು ಮನಸ್ಸಿನಲ್ಲಿಯೂ ಅನ್ನಬಾರದು ಎಂಬ ಎಚ್ಚರಿಕೆ ಅವರ ಧರ್ಮಗ್ರಂಥ ತೋರಾದಲ್ಲಿ ಮತ್ತೆ ಮತ್ತೆ ಬರುತ್ತದಂತೆ. ನೀವು ಒಳ್ಳೆಯವರೆಂದು ಕೊಟ್ಟದ್ದಲ್ಲ, ಸುಮ್ಮನೆ ಕೊಟ್ಟದ್ದು ಎಂದು ದೇವರು ಮುಖದ ಮೇಲೆ ಹೇಳುತ್ತಾನಂತೆ. ಇಂಥ ದೇವರು ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿದ್ದರೆ ನನಗೆ ತಾಟು ಸಿಗುತ್ತಿರಲಿಲ್ಲ ಎಂದು ನಾನು ದೂರಿದೆ. ತಾಟು ಸೋತವರಿಗೆ ಹೋಗುತ್ತಿತ್ತು ಎಂದು ಒಳಗಿನಿಂದ ಆಯಿ ಕೂಗಿ ಹೇಳಿದಳು.

ಅಂಥದೇ ಒಂದು ಸಂಜೆ ಮಾಸ್ತರ ಹೊಲದ ಆಜ್ಞೆಗಳನ್ನು ಹೇಳಿದರು. ಗದ್ದೆಯ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು. ಕೊಯ್ಯುವಾಗ ಬಿದ್ದ ತೆನೆಯನ್ನು ಎತ್ತಿಕೊಳ್ಳಬಾರದು. ಇವೆರಡನ್ನೂ ಆಯಿ ಪ್ರತಿವರ್ಷ ತಪ್ಪದೆ ಮಾಡುತ್ತಿದ್ದಳು. ಸುಗ್ಗಿಯ ಮರುದಿನ ಯಲ್ಲವ್ವ ಎಂಬ, ಕುರಿ ಕಾಯುವ ಮನೆತನದ ವಿಧವೆ, ಇಬ್ಬರು ಸಣ್ಣ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದು ಮೂಲೆ ಕೊಯ್ದು ತೆನೆ ಆಯ್ದುಕೊಂಡು ಹೋಗುತ್ತಿದ್ದಳು. ಮೂರನೆಯದು ವಿಚಿತ್ರ. ಪೆಂಡಿ ಹೊತ್ತು ಮನೆಗೆ ಬಂದ ಮೇಲೆ, ಹೊಲದಲ್ಲಿ ಒಂದು ಪೆಂಡಿಯನ್ನು ಮರೆತುಬಂದೆ ಎಂದು ಗೊತ್ತಾದರೆ, ತಿರುಗಿ ಹೋಗಿ ತರಬಾರದು. ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದ್ದು. ನಾನು ತಕ್ಷಣ ತೂತು ಕಂಡುಹಿಡಿದೆ. ಬೇಕೆಂದು ಬಿಟ್ಟರೆ ಅದು ಮರೆವಲ್ಲ. ಮರೆತರೆ ಅದು ಮಾಡಿದ್ದಲ್ಲ. ಹಾಗಾದರೆ ಈ ಆಜ್ಞೆಯನ್ನು ಪಾಲಿಸುವುದು ಹೇಗೆ? ಮಾಸ್ತರ ಬಶಿಯನ್ನು ಕೆಳಗಿಟ್ಟು, ನನ್ನನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು.

"ಪಾಲಿಸಾಕ ಬರೂದಿಲ್ಲ. ಅದ ಅದರ ಮಜಾ," ಎಂದರು. "ಮೂಲಿ ಬಿಟ್ಟಾಗ ಬಿಟ್ಟಾಕಿ ನಾನು ಅಂತ ಒಳಗ ಒಬ್ಬಾಕಿ ಕುಂತಿರತಾಳ. ಪೆಂಡಿ ಮರತಾಗ ಆಕಿನೂ ಇರೂದಿಲ್ಲ. ಕೊಟ್ಟವರ್‍ಯಾರು ಅಂತ ಕೇಳಿದ್ರ, ಯಾರೂ ಇಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಆಯಿ ಸೆರಗಿನಿಂದ ಕೈ ಒರೆಸುತ್ತ ಹೊಸ್ತಿಲಿಗೆ ಬಂದು, ನಗುತ್ತಲೇ ಹೇಳಿದಳು. "ಎಪ್ಪತ್ನಾಕು ವರ್ಷ ಆತು ನನಗ. ಒಂದ ಪೆಂಡಿ ಮರತಿಲ್ಲ ನೋಡು. ಸುಡುಗಾಡ ತಲಿ." ಮಾಸ್ತರ, ಆ ಆಜ್ಞೆ ಪವಿತ್ರ ನಾಡಿನ ಹೊಲಕ್ಕಷ್ಟೇ ಹೇಳಿದ್ದು, ನಮಗೆ ಬಾಧಿಸುವುದಿಲ್ಲ ಎಂದು ಸಮಾಧಾನಕ್ಕೆ ಹೊರಟರು. ಇದು ಅವರಿಬ್ಬರ ಹಳೆಯ ವಾದವಿರಬೇಕು, ಆಯಿಗೆ ಉತ್ತರ ಸಿದ್ಧವಿತ್ತು. "ಯಾಕ, ನಿಮ್ಮ ದೇವರ ಗಾಡಿ ಖಾನಾಪುರದಾಗ ನಿಲ್ಲೂದಿಲ್ಲೇನು?"

ಆಕೆ ನಕ್ಕಳು, ನಾವೂ ನಕ್ಕೆವು. ಆದರೆ ಆ ವರ್ಷ ನಗುವಿನ ಹಿಂದೆ ಒಂದು ಅವಸರವಿತ್ತು. ರಸ್ತೆ ಅಗಲ ಮಾಡುವವರು ಬಂದು ಗದ್ದೆಯ ನಡುವೆ ಬಿಳಿ ಬಳಿದ ಕಲ್ಲು ನೆಟ್ಟುಹೋಗಿದ್ದರು. ಬರುವ ಮಳೆಗಾಲದಲ್ಲಿ ಅಲ್ಲಿ ನಾಟಿ ಇಲ್ಲ. ಹೊಲ ಹೋಗುವುದಕ್ಕೆ ಆಯಿ ಅತ್ತದ್ದನ್ನು ನಾನು ನೋಡಲಿಲ್ಲ. ಹಿರಿಯರು ಹಡಗಿನಲ್ಲಿ ಬರುವಾಗ ಗದ್ದೆ ತಂದಿದ್ದರೇನು ಎಂದು ನಮ್ಮ ಅಜ್ಜಿಯ ಬಾಯಿ ಮುಚ್ಚಿಸಿದ್ದಳು. ಆಕೆಗೆ ಬೇಕಾದದ್ದು ಒಂದೇ. ಈ ಕೊನೆಯ ಸುಗ್ಗಿಯಲ್ಲಿ, ತನಗೆ ಗೊತ್ತಿಲ್ಲದೆ, ಒಂದು ಪೆಂಡಿ ಹಿಂದೆ ಉಳಿಯಬೇಕು. ಬೇಕು ಎನ್ನುವುದೇ ಅದಕ್ಕೆ ಅಡ್ಡಿ ಎಂಬುದೂ ಆಕೆಗೆ ಗೊತ್ತಿತ್ತು. ನಮ್ಮ ಅಜ್ಜಿ ಇದನ್ನು ಕೇಳಿ ಗಲ್ಲಕ್ಕೆ ಕೈಯಿಟ್ಟುಕೊಂಡು, ನನ್ನ ತಲೆಯನ್ನು ಒಂದು ದಿನಕ್ಕೆ ಕಡ ಒಯ್ಯಿ ಎಂದಳು. ತನ್ನ ಕನ್ನಡಕವನ್ನು ದಿನಕ್ಕೆ ನಾಲ್ಕು ಸಲ ಹುಡುಕುವ ಅಜ್ಜಿಗೆ ಅದು ದೊಡ್ಡ ದಾನವೇನೂ ಆಗಿರಲಿಲ್ಲ.

ನಾನು ಈ ಕೆಲಸವನ್ನು ನನ್ನ ಮೇಲೆ ತೆಗೆದುಕೊಂಡೆ. ದೇವರಿಂದ ಆಗದ್ದನ್ನು ಮಾಡಿ ತೋರಿಸುತ್ತೇನೆ ಎನ್ನುವ ಹುಮ್ಮಸ್ಸು. ಹೊರುವ ಕೆಲಸ ಎರಡು ದಿನ ನಡೆಯುವುದಿತ್ತು. ಮೊದಲ ದಿನ ನಾನು ಕೆಳಗಿನ ಗದ್ದೆಯ ಒಂದು ಪೆಂಡಿಯನ್ನು ಎಳೆದುಕೊಂಡು ಹೋಗಿ ಬದುವಿನ ಹಿಂದೆ ಹಾಕಿ ಮೇಲೆ ಸಾಗವಾನಿಯ ಎಲೆ ಮುಚ್ಚಿದೆ. ಮೈತುಂಬ ತುರಿಕೆ, ಕುತ್ತಿಗೆಯಲ್ಲಿ ಹುಲ್ಲು. ಸಂಜೆ ಕಣದಲ್ಲಿ ಆಯಿ, ಕೆಳಗಿನದರಲ್ಲಿ ಒಂದು ಕಡಿಮೆ ಇದೆ ಎಂದವಳೇ ನನ್ನ ಕುತ್ತಿಗೆಯ ಹುಲ್ಲನ್ನು ನೋಡಿದಳು. ಬೈಯಲಿಲ್ಲ. ನಾನೇ ಹೋಗಿ ಹೊತ್ತು ತಂದೆ. ಅರ್ಧ ದಾರಿಯಲ್ಲಿ ಎರಡು ಸಲ ಬಿದ್ದೆ. ಬೇರೆಯವರು ಮುಚ್ಚಿಟ್ಟದ್ದು ಮರೆತದ್ದರ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರ ಹಿರಿಯರು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ ಎಂದು ಮಾಸ್ತರ ರಾತ್ರಿ ಊಟದ ಹೊತ್ತಿಗೆ, ನನ್ನ ಕಡೆ ನೋಡದೆ, ಸಾರಿನ ಕಡೆ ನೋಡಿ ಹೇಳಿದರು. ಎಷ್ಟೋ ಶತಮಾನಗಳ ಹಿಂದೆಯೇ ನನ್ನಂಥ ಒಬ್ಬಳು ಎಲೆ ಮುಚ್ಚಿದ್ದಳು ಎಂದು ತಿಳಿದು ನನಗೆ ಅವಮಾನವೂ ಆಯಿತು, ಸ್ವಲ್ಪ ಖುಷಿಯೂ ಆಯಿತು.

ಎರಡನೆಯ ದಿನಕ್ಕೆ ಬೇರೆ ಉಪಾಯ. ಪೆಂಡಿಯನ್ನು ಬಚ್ಚಿಡುವ ಬದಲು ಆಯಿಯ ತಲೆಯನ್ನೇ ತುಂಬಿಬಿಡಬೇಕು. ಎಣಿಕೆಗೆ ಜಾಗವೇ ಇರಬಾರದು. ಅದಕ್ಕೆ ನನ್ನ ಹತ್ತಿರ ಒಂದೇ ಆಯುಧವಿತ್ತು, ಬಾಯಿ. ಮಧ್ಯಾಹ್ನದ ಬುತ್ತಿ ಉಂಡು, ಮೇಲಿನ ಗದ್ದೆಯಲ್ಲಿ ಆಯಿ ಕೊನೆಯ ಪೆಂಡಿಗಳನ್ನು ಕಟ್ಟುತ್ತಿದ್ದಾಗ ಎದುರಿಗೆ ಬದುವಿನ ಮೇಲೆ ಕೂತು ಶುರುಮಾಡಿದೆ. ಬಿಸಿಲು ಹದವಾಗಿತ್ತು. ಒಣಗಿದ ಭತ್ತಕ್ಕೆ ಸುಟ್ಟ ಸಕ್ಕರೆಯಂಥ ಒಂದು ಪರಿಮಳವಿತ್ತು, ಕೂಲಿಯ ಇಬ್ಬರು ಹೆಂಗಸರು ಹೊತ್ತು ಹೋಗುವ ಪೆಂಡಿಗಳು ದಾರಿಯುದ್ದಕ್ಕೂ ಸರಬರ ಸದ್ದು ಮಾಡುತ್ತಿದ್ದವು, ದೂರದಲ್ಲಿ ಗೋವೆಯ ಕಡೆಗೆ ಹೋಗುವ ಗಾಡಿ ಕೂಗುತ್ತಿತ್ತು. ನಿಮ್ಮ ದೇವರಿಗೆ ನ್ಯಾಯ ಗೊತ್ತಿಲ್ಲ ಎಂದೆ ನಾನು. ನಲವತ್ತು ವರ್ಷ ಆ ತೊದಲು ನಾಲಿಗೆಯ ಮುದುಕ ಮರಳುಗಾಡಿನಲ್ಲಿ ಜನರ ಬೈಗುಳ ತಿಂದು, ಅವರನ್ನು ನಡೆಸಿಕೊಂಡು ಬಂದ. ಕೊನೆಗೆ ಒಂದೇ ಒಂದು ತಪ್ಪಿಗೆ, ನೀರಿಗಾಗಿ ಸಿಟ್ಟಿನಲ್ಲಿ ಕೋಲಿನಿಂದ ಬಂಡೆಗೆ ಬಡಿದದ್ದಕ್ಕೆ, ದೇವರು ತಾನೇ ಮಾತುಕೊಟ್ಟ ನಾಡಿನೊಳಗೆ ಕಾಲಿಡಲು ಬಿಡಲಿಲ್ಲ. ಗುಡ್ಡದ ಮೇಲಿಂದ ನೋಡು, ಸಾಯಿ ಎಂದ. ಇದೇ ಏನು ವಿನಯಕ್ಕೆ ಸಿಗುವ ಬಹುಮಾನ? ಆಯಿ ಕಟ್ಟುತ್ತಿದ್ದ ಹುರಿಯನ್ನು ಹಿಡಿದುಕೊಂಡೇ ನೆಟ್ಟಗೆ ನಿಂತಳು. ಮೋಶೆಯ ವಿಷಯಕ್ಕೆ ಯಾರು ಬಂದರೂ ಆಕೆ ಬಿಡುತ್ತಿರಲಿಲ್ಲ. ಮೊದಲು ಬೈದಳು. ಆಮೇಲೆ ವಾದಿಸಿದಳು. ನಾನೂ ಬಿಡಲಿಲ್ಲ, ಸ್ಪರ್ಧೆಯಲ್ಲಿ ಕಲಿತ ಹಾಗೆ ಆಕೆಯ ಮಾತನ್ನೇ ತಿರುಗಿಸಿ ಆಕೆಗೇ ಕೊಡುತ್ತ ಹೋದೆ. ಕೂಲಿಯವರು ಒಂದು ಸಲ ಹೋಗಿ ಬಂದರು, ಎರಡು ಸಲ ಹೋಗಿ ಬಂದರು. ಆಯಿ ಎಣಿಸುತ್ತಿದ್ದಂತೆ ಕಾಣಲಿಲ್ಲ.

ಕಡೆಗೆ ಆಕೆ ಬದುವಿಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಮಾತು ತಗ್ಗಿತ್ತು. "ಆ ನಾಡು ಮುಟ್ಟೂದು ತನ್ನ ಕೈಯಾಗ ಇಲ್ಲ ಅಂತ ಅವಗ ಗೊತ್ತಿತ್ತು, ಪೋರಿ. ಆದ್ರೂ ನಡದ. ಮುಟ್ಟಿದ್ರ ಅವ ನಡೆಸಿದಾಂವ ಆಗತಿದ್ದ. ಮುಟ್ಟಲಿಲ್ಲ, ಅದಕ್ಕ ನಡದಾಂವ ಆಗಿ ಉಳದ." ಆಮೇಲೆ ಬಿಳಿಕಲ್ಲಿನ ಕಡೆಗೆ, ಕೊಯ್ದು ಬೋಳಾದ ಮೂರೂ ಗದ್ದೆಗಳ ಕಡೆಗೆ ಕೈ ತೋರಿಸಿ, ನಾನೂ ಗುಡ್ಡದ ಮೇಲಿಂದಲೇ ನೋಡುತ್ತಿದ್ದೇನೆ ನೋಡು, ಎಂದು ನಕ್ಕಳು. ಆಕೆ ತನ್ನ ತಾಯಿ ಕಲಿಸಿದ ಮರಾಠಿ ಕೀರ್ತನೆಯೊಂದನ್ನು ಗುನುಗುತ್ತ ಎದ್ದು, ಇನ್ನೇನು ಸ್ವಲ್ಪ ಕಟ್ಟುವುದು ಉಳಿದಿದೆ, ಅದನ್ನು ನಾನೇ ತರುತ್ತೇನೆ, ನೀನು ಕೂಲಿಯವರ ಜೊತೆ ನಡಿ, ಚಹಾಕ್ಕಿಡಲು ಹೇಳು ಎಂದಳು. ನಾನು ನಡೆದೆ. ಸಂಜೆ ಕಣದಲ್ಲಿ ಎಲ್ಲರೂ ಕಾದರು. ಆಯಿ ಪೆಂಡಿಗಳ ರಾಶಿಯನ್ನು ನೋಡಿದಳು, ಕಾಲು ತೊಳೆದುಕೊಂಡು ಒಳಗೆ ಹೋದಳು. ಆ ಒಂದು ದಿನ ಮಾತ್ರ ಸಂಖ್ಯೆ ಹೇಳಲಿಲ್ಲ.

ಮರುದಿನ ಮುಂಜಾನೆ ಮಂಜು ಇನ್ನೂ ಹರಿದಿರಲಿಲ್ಲ. ನಾನು ಗೋಡೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ, ಮಾಸ್ತರ ಕಟ್ಟೆಯ ಮೇಲಿದ್ದರು. ಯಲ್ಲವ್ವ ಬರಿಗೈಯಲ್ಲಿ, ಓಡಿ ಬಂದವಳಂತೆ ಬಂದು ಅಂಗಳದಲ್ಲಿ ನಿಂತಳು. "ಆಯಿ, ಮ್ಯಾಲಿನ ಗದ್ದ್ಯಾಗ ನಿಮ್ಮದೊಂದು ಪೆಂಡಿ ಉಳದೈತ್ರಿ. ತರ್ಲೇನ್ರಿ?"

ಆಯಿ ಹೊಸ್ತಿಲಲ್ಲಿದ್ದಳು. ಬಾಗಿಲ ಗೂಡನ್ನು ಮುಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ಎಲ್ಲಿ, ಎಂದು ಕೇಳಿದಳು. ಬದುವಿಗೆ ಆನಿಸಿ ಎದ್ದು ಕಾಣುವ ಹಾಗೆ ನಿಂತಿದೆ, ಮೇಲೆ ಏನೂ ಮುಚ್ಚಿಲ್ಲ ಎಂದಳು ಯಲ್ಲವ್ವ. ಆಯಿ ನನ್ನ ಕಡೆ ತಿರುಗಿದಳು. ನಾನು ಅಜ್ಜಿಯ ಮೇಲೆ ಆಣೆ ಮಾಡಿದೆ. ಅಜ್ಜಿ ಒಳಗಿನಿಂದ, ನನ್ನ ಮೇಲೆ ಯಾಕೆ, ನಿಮ್ಮವ್ವನ ಮೇಲೆ ಮಾಡು ಎಂದು ಕೂಗಿದಳು. ಆಯಿ ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು. ಆಕೆಯ ಮುಖ ಬಿಚ್ಚಿಕೊಂಡ ರೀತಿಯನ್ನು ನಾನು ಆಮೇಲೆ ಯಾರ ಮುಖದಲ್ಲೂ, ಯಾವ ಬಹುಮಾನ ಗೆದ್ದವರ ಮುಖದಲ್ಲೂ ಕಂಡಿಲ್ಲ.

"ಅಹೋ, ಕೇಳಿದ್ರೇನು? ನಾ ಬಿಟ್ಟಿಲ್ಲ. ನಾ ಕೊಟ್ಟಿಲ್ಲ. ನಾ ಏನೂ ಮಾಡಿಲ್ಲ."

ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳು ಹೇಳುವ ಮಾತು ಅದು. ಆಕೆ ಅದನ್ನು ಗಂಡನಿಗೆ ಹಾಡಿನ ಹಾಗೆ ಹೇಳಿದಳು. ಮಾಸ್ತರ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಏನೂ ತಿಳಿಯದೆ ನಿಂತಿದ್ದ ಯಲ್ಲವ್ವನಿಗೆ ಆಯಿ, ಅದು ನಿನ್ನದು, ಹೊತ್ತುಕೊಂಡು ಹೋಗು, ನನ್ನ ಹೆಸರು ಮಾತ್ರ ಹೇಳಬೇಡ, ನಾನು ಕೊಟ್ಟದ್ದಲ್ಲ ಎಂದಳು. ಮತ್ಯಾರು ಕೊಟ್ಟರು ಎಂದು ಯಲ್ಲವ್ವ ಕೇಳಿದಾಗ ಇಬ್ಬರೂ ಮುದುಕರು ಒಟ್ಟಿಗೇ ನಗತೊಡಗಿದರು. ಮಧ್ಯಾಹ್ನಕ್ಕೆ ಮಲೀದಾ. ಹರಕೆ ತೀರಿದಾಗ, ಸಂತೋಷ ಮನೆಗೆ ಬಂದಾಗ ಅವರು ಎಲಿಯಾಹುವಿನ ಹೆಸರಿನಲ್ಲಿ ಮಾಡುವ ಸಿಹಿ ಅವಲಕ್ಕಿ ಅದು. ದೊಡ್ಡ ತಾಟಿನಲ್ಲಿ ಗುಡ್ಡ ಮಾಡಿ, ಸುತ್ತ ಐದು ಬಗೆಯ ಹಣ್ಣಿಟ್ಟು, ಮೇಲೆ ಗುಲಾಬಿ ಎಸಳು. ಹಣ್ಣಿಗೆ ಪೇಟೆಗೆ ಓಡಿದ್ದು ನಾನು, ಕಾಯಿ ಹೆರೆದದ್ದು ಅಜ್ಜಿ. ಮಾಸ್ತರ ತಲೆಗೆ ಟೊಪ್ಪಿಗೆ ಹಾಕಿಕೊಂಡು ಹೀಬ್ರೂವಿನಲ್ಲಿ ಹಾಡಿದರು. ಓಣಿಯ ಮನೆಮನೆಗೂ ಎಲೆಯಲ್ಲಿ ಕಟ್ಟಿ ಹಂಚಿ ಬಂದೆವು. ಮೊದಲ ಎಲೆ ಹೋದದ್ದು ಯಲ್ಲವ್ವನ ಮನೆಗೆ. ಎಲ್ಲ ಮುಗಿದ ಮೇಲೆ ನಾನು ಆಯಿಯ ಎದುರು ನಿಂತು ನನ್ನ ಪಾಲನ್ನು ಕೇಳಿದೆ. ಪಾಲು ಎಂದರೆ ಹಣ್ಣಿನದಲ್ಲ. ನೀವು ಮರೆತದ್ದು ದೇವರಿಂದಲ್ಲ, ನಾನು ವಾದ ಹೂಡಿದ್ದರಿಂದ, ಒಪ್ಪಿಕೊಳ್ಳಿ ಎಂದೆ. ಆಕೆ ಒಂದು ದೊಡ್ಡ ಮುಷ್ಟಿ ಮಲೀದಾವನ್ನು ನನ್ನ ಬಾಯಿಗೆ ತುರುಕಿ, "ಈಗ ಬಾಯಿ ಮುಚ್ಚು, ವಕೀಲಬಾಯಿ," ಎಂದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ಮುಂದಿನ ಮಳೆಗಾಲಕ್ಕೆ ಗದ್ದೆಯ ಮೇಲೆ ಜಲ್ಲಿ ಬಿತ್ತು. ಮೂರು ವರ್ಷಕ್ಕೆ ಮಾಸ್ತರ ಹೋದರು, ಇನ್ನು ಮೂರು ವರ್ಷಕ್ಕೆ ಆಯಿ. ಇಬ್ಬರನ್ನೂ ಅವರ ಸಂಬಂಧಿಕರು ಕೊಂಕಣದ ಊರಿಗೆ ಒಯ್ದು ಮಣ್ಣು ಮಾಡಿದರು. ಮನೆ ಕೈ ಬದಲಾಯಿತು, ನಡುವಿನ ಗೋಡೆ ಆಳೆತ್ತರಕ್ಕೆ ಎದ್ದಿತು. ಬಾಗಿಲಿಗೆ ಬಣ್ಣ ಹೊಡೆಯುವ ಮೊದಲು ಒಂದು ಸಲ ನೋಡಿದ್ದೆ. ಚೌಕಟ್ಟಿನ ಬಲಗಡೆ ಬೆರಳುದ್ದದ ಓರೆ ಗುರುತೊಂದು ಉಳಿದ ಕಟ್ಟಿಗೆಗಿಂತ ತುಸು ತಿಳಿಯಾಗಿತ್ತು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ಕಥೆಯನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಅನುಗ್ರಹ ಎಂದರೆ ಬೇರೇನೂ ಅಲ್ಲ, ನಮಗೆ ಕಾಣದ ಇನ್ನೊಬ್ಬರ ಶ್ರಮ, ಎಂದು ಮುಗಿಸಿದರೆ ಚಪ್ಪಾಳೆ ಖಚಿತ. ಆ ಇನ್ನೊಬ್ಬಳು ನಾನೇ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಹೇಳದೆ ಇರುವುದೇ ವಿನಯ ಎಂದುಕೊಂಡಿದ್ದೆ.

ಈ ದೀಪಾವಳಿಗೆ ಖಾನಾಪುರಕ್ಕೆ ಹೋದಾಗ ಯಲ್ಲವ್ವ ಸಿಕ್ಕಳು. ಈಗ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಾಳೆ, ಮಕ್ಕಳಿಬ್ಬರದೂ ಮದುವೆಯಾಗಿದೆ. ಹಳೆಯ ಮಾತು ಬಂತು. ನಾನು ನನ್ನ ಸಾಹಸವನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿ, ನಕ್ಕು, "ಬಾಯಾರ, ಆ ಪೆಂಡಿ ಹೊತ್ತಾಕಿ ನಾನು. ಒಂದ ಪೆಂಡಿ ಅಲ್ರಿ ಅದು, ಎರಡರಷ್ಟು ಭಾರ ಇತ್ತು. ಹುರಿನೂ ಎರಡು ಸುತ್ತು ಹಾಕಿದ್ರು," ಎಂದಳು.

ಅವತ್ತಿನಿಂದ ನಾನು ನನ್ನ ವಿರುದ್ಧವೇ ವಾದಿಸುತ್ತಿದ್ದೇನೆ. ಹಸಿದ ಮನೆಯ ನೆನಪಿನಲ್ಲಿ ಪೆಂಡಿ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತದೆ ಎನ್ನಬಹುದು. ಎಪ್ಪತ್ತನಾಲ್ಕರ ಮುದುಕಿ, ಮೋಶೆಯ ಸಿಟ್ಟಿನಲ್ಲಿ, ಅಳತೆ ತಪ್ಪಿ ಕಟ್ಟಿದಳು ಎನ್ನಬಹುದು. ಆದರೆ ಒಂದೇ ಅಳತೆಗೆ ಹೆಸರಾದ ಕೈ ಅದು. ಎಲ್ಲರನ್ನೂ ಕಳಿಸಿ ಕೊನೆಗೆ ಗದ್ದೆಯಲ್ಲಿ ಒಬ್ಬಳೇ ಉಳಿದವಳು ಆಕೆ. ಆಕೆಯೇ ಬೇಕೆಂದು ಬಿಟ್ಟಿದ್ದರೆ, ಜೀವಮಾನವೆಲ್ಲ ಕಾದ ಆ ಒಂದು ಆಜ್ಞೆಯನ್ನು ಕೈಯಾರೆ ಕಳೆದುಕೊಂಡಳು, ಇಬ್ಬರು ಮಕ್ಕಳ ತಾಯಿಗೆ ಎರಡರಷ್ಟು ಭತ್ತಕ್ಕಾಗಿ. ಹಾಗಾದರೆ ಮುಂಜಾನೆಯ ಆ ಮುಖ? ಅದು ನಟನೆಯಲ್ಲ, ನಾನು ತೀರ್ಪುಗಾರರ ಮುಖ ಓದಿ ಬೆಳೆದವಳು, ನಟನೆ ನನಗೆ ಗೊತ್ತಾಗುತ್ತದೆ. ಮಾಸ್ತರ ಇದ್ದಿದ್ದರೆ ಅವರ ಹಿರಿಯರು ಇದಕ್ಕೂ ಏನಾದರೂ ತೀರ್ಮಾನಿಸಿಟ್ಟಿದ್ದನ್ನು ಹೇಳುತ್ತಿದ್ದರು. ನನಗೆ ಯಾವ ತೀರ್ಮಾನವೂ ಹೊಳೆಯುತ್ತಿಲ್ಲ. ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ ಆಯಿ, ಈ ಸಲ ಗೆಲ್ಲುವುದಕ್ಕಲ್ಲ. ನೀವು ಮರತ್ರಿ, ಅದನ್ನ ನಾ ನಂಬತೀನಿ. ಆದ್ರ ಹುರಿ ಎರಡು ಸುತ್ತು ಸುತ್ತೂ ಮುಂದ, ನಿಮ್ಮ ಕೈಗೆ ಗೊತ್ತಿತ್ತೇನು?